ರೇಣಮ್ಮನ ಮನೆಯ ರೊಟ್ಟಿ ಸಪ್ಪಳ

ಜೋಳದ ರೊಟ್ಟಿಯನ್ನು ಬಡಿಯುತ್ತಾರೆ. ಬಡಿದರೆ ಸಪ್ಪಳ ಆಗುತ್ತದೆ. ಸಪ್ಪಳ ಆದರೆ ಓಣಿಗೆಲ್ಲ ಗೊತ್ತಾಗುತ್ತದೆ. ಇಷ್ಟು ತಿಳಿದವರಿಗೆ ಈ ಕಥೆ ಅರ್ಧ ತಿಳಿದಂತೆಯೇ.

ಯಾದಗಿರಿ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ಆಗ ಇಪ್ಪತ್ತು ಮನೆಗಳಿದ್ದವು. ಗೋಡೆಯ ಆಚೆ ಕುಳಿತೇ ಇದು ಯಾವ ಹೆಂಗಸಿನ ಕೈ ಎಂದು ಹೇಳುವವರಿದ್ದರು. ಎದುರು ಮನೆಯ ಪಾರ್ವತಿಬಾಯಿಯ ಪೆಟ್ಟು ಅವಸರದ್ದು, ಯಾರೋ ಬೆನ್ನು ಹತ್ತಿದ ಹಾಗೆ. ಮೂಲೆಮನೆಯ ಮದೀನಾಬೀಯದು ಮೆತ್ತಗೆ, ಕೂಸನ್ನು ತಟ್ಟಿ ಮಲಗಿಸಿದ ಹಾಗೆ. ಒಂದು ಮನೆಯಲ್ಲಿ ಮುಂಜಾನೆ ಸಪ್ಪಳ ಏಳಲಿಲ್ಲವೆಂದರೆ ಅಲ್ಲಿ ಜ್ವರ ಬಂದಿದೆಯೋ ಜಗಳ ಆಗಿದೆಯೋ ಎಂಬ ಪಂಚನಾಮೆ ಹತ್ತು ಗಂಟೆಯೊಳಗೆ ಮುಗಿದಿರುತ್ತಿತ್ತು. ಊರ ಬಾಯಿಗೆ ಮುಚ್ಚಳ ಇಲ್ಲ ಅನ್ನುತ್ತಾರಲ್ಲ, ಆ ಓಣಿಯ ಕಿವಿಗೂ ಇರಲಿಲ್ಲ.

ಅಂಥ ಓಣಿಯಲ್ಲಿ ರೇಣಮ್ಮನ ಮನೆಯ ಸಪ್ಪಳಕ್ಕೆ ದೊಡ್ಡ ಹೆಸರು. ಎರಡು ಭಾರದ ಪೆಟ್ಟು, ಮೂರು ಹಗುರ ಪೆಟ್ಟು, ಆಮೇಲೆ ಅರೆಗಳಿಗೆ ಸುಮ್ಮನೆ. ಮತ್ತೆ ಎರಡು, ಮತ್ತೆ ಮೂರು, ಮತ್ತೆ ಆ ಸುಮ್ಮನೆ. ಕೇಳುತ್ತಾ ಕುಳಿತರೆ ಹಸಿವಿಲ್ಲದವನಿಗೂ ಹಸಿವಾಗಬೇಕು.

"ಹಗಲೆಲ್ಲಾ ದವಾಖಾನ್ಯಾಗ ದುಡದು ಬಂದೂ ಆಕಿ ಕೈ ಕೇಳು" ಎಂದು ಪಾರ್ವತಿಬಾಯಿ ತನ್ನ ಸೊಸೆಯನ್ನು ದಿನವೂ ಚುಚ್ಚುತ್ತಿದ್ದಳು. "ನೀನೂ ಅದೀ, ಸೆಗಣಿ ಕುಳ್ಳು ತಟ್ಟಿದಂಗ ತಟ್ಟತೀ."

ಆ ಬಡಪಾಯಿ ಸೊಸೆಗೆ ಯಾರು ಹೇಳಬೇಕು? ಆ ಕೈ ರೇಣಮ್ಮನದೇ ಅಲ್ಲ. ಅವಳ ಗಂಡ ಬಸವಂತರಾಯನದು.

ರೇಣಮ್ಮ ಗುರುಮಠಕಲ್ ಕಡೆಯವಳು. ಅಪ್ಪ ಶಾಲೆಯ ಜವಾನನಾಗಿದ್ದುದರಿಂದ ನಾಲ್ಕಕ್ಷರ ಕಲಿತಿದ್ದಳು. ಪೋಲೀಸ್ ಆಕ್ಷನ್ ಆಗಿ ನಿಜಾಮನ ಬಾವುಟ ಇಳಿದ ಮರುವರ್ಷ, ಯಾದಗಿರಿಯ ದವಾಖಾನೆಯಲ್ಲಿ ಕಸ ಗುಡಿಸಲು ಒಬ್ಬ ಹೆಂಗಸು ಬೇಕೆಂದಾಗ ಸೇರಿಕೊಂಡಳು. ಅಲ್ಲಿ ಶರೀಫಾಬೀ ಎಂಬ ಮುದುಕಿ ದಾಯಿ ಇದ್ದಳು. ಅರ್ಧ ಊರನ್ನು ಭೂಮಿಗೆ ತಂದವಳು. ಒಂದು ದಿನ ಹೆರಿಗೆಯ ಕೋಣೆಯಲ್ಲಿ ಲಾಟೀನು ಹಿಡಿದು ನಿಂತ ರೇಣಮ್ಮನ ಕೈಯನ್ನು ಹಿಡಿದು ನೋಡಿ, "ಸಣ್ಣ ಕೈ. ನಡಗೂದಿಲ್ಲ. ಕಸಬರಿಗಿ ಕೆಳಗಿಡು, ಇಲ್ಲಿ ಬಾ" ಎಂದಳಂತೆ. ಅಂದು ಕೆಳಗಿಟ್ಟ ಕಸಬರಿಗೆಯನ್ನು ರೇಣಮ್ಮ ಮತ್ತೆ ಎತ್ತಲಿಲ್ಲ. ಆರೇಳು ವರ್ಷದಲ್ಲಿ ಶರೀಫಾಬೀಯ ಕಣ್ಣು ಮಂಜಾದವು, ರೇಣಮ್ಮನ ಕೈ ಪಳಗಿತು.

ಬಸವಂತರಾಯ ರೈಲ್ವೆ ಗೇಟಿನವನು. ಊರ ಹೊರಗಿನ ಗೇಟಿನಲ್ಲಿ ಪಾಳಿಯ ಮೇಲೆ ಕೆಲಸ. ಇಂಗ್ಲಿಷರ ರೈಲು ದಿಲ್ಲಿ ಸರ್ಕಾರದ ರೈಲಾಯಿತು, ಟೋಪಿಯ ಮೇಲಿನ ಬಿಲ್ಲೆ ಬದಲಾಯಿತು. ಗೇಟು ಅದೇ, ಕೆಂಪು ಹಸಿರು ಬಾವುಟ ಅವೇ, ಬಾವುಟ ಕಂಡರೂ ಕಾಣದಂತೆ ಎತ್ತು ಹೊಡೆಯುವ ಗಾಡಿಯವರೂ ಅವರೇ. ಮಾತು ಕಡಿಮೆ. ಜೀವ ಮೆತ್ತಗೆ. ಗೇಟಿನ ಪಕ್ಕದ ಗೂಡಿನಂಥ ಕೋಣೆಯಲ್ಲಿ ಮೂರು ಕಲ್ಲಿಟ್ಟು ತನ್ನ ರೊಟ್ಟಿ ತಾನೇ ಮಾಡಿಕೊಳ್ಳುತ್ತಿದ್ದ. ಗೇಟಿನ ಗಂಡಸರೆಲ್ಲ ಹಾಗೆಯೇ, ಅಲ್ಲಿ ಯಾರೂ ನಗುವುದಿಲ್ಲ. ಅದೇ ಗಂಡಸು ಹಳಿ ದಾಟಿ ತನ್ನ ಮನೆಯ ಒಲೆ ಮುಂದೆ ಕುಳಿತರೆ ಮಾನ ಹೋಯಿತು. ಎರಡು ಫರ್ಲಾಂಗು ದೂರದಲ್ಲಿ ಮಾನ ಇಷ್ಟು ಬದಲಾಗುವುದಾದರೆ ಅದು ಎಂಥ ಮಾನವೋ ನನಗಂತೂ ತಿಳಿಯದು.

ಮದುವೆಯಾದ ವರ್ಷವೇ ಇದು ಶುರುವಾದದ್ದು. ಒಂದು ಸಂಜೆ ರೇಣಮ್ಮ ಶರೀಫಾಬೀಯ ಜೊತೆ ಕಷ್ಟದ ಹೆರಿಗೆಯೊಂದನ್ನು ಮುಗಿಸಿ ಬಂದು, ಸೊಂಟ ನೆಟ್ಟಗೆ ಮಾಡುವಷ್ಟೂ ಕೂರದೆ ರೊಟ್ಟಿ ಬಡಿದಳು. ಬಸವಂತರಾಯ ಒಂದು ತುತ್ತು ಮುರಿದು ಬಾಯಿಗಿಟ್ಟ. ಅಗಿದ. ಇನ್ನೂ ಅಗಿದ. ಅವಳಿಗೆ ಅನುಮಾನ ಬಂದು ತಟ್ಟೆ ಕಿತ್ತುಕೊಂಡು ಮೂಸಿದಳು. ದವಾಖಾನೆಯ ಕಾರ್ಬಾಲಿಕ್ ಸಾಬೂನಿನ ವಾಸನೆ ರೊಟ್ಟಿಗೆಲ್ಲ ಹತ್ತಿತ್ತು.

"ಇರಲಿ ಬಿಡು" ಎಂದ ಬಸವಂತರಾಯ. "ಹೊಟ್ಟ್ಯಾಗಿನ ಜಂತುನರ ಸಾಯ್ತಾವ."

ಅವಳಿಗೆ ನಗುವೂ ಬಂತು, ಅಳುವೂ ಬಂತು. ಬೂದಿ ಹಚ್ಚಿ ತಿಕ್ಕಿದಳು, ಹುಣಸೆಹಣ್ಣು ಹಚ್ಚಿ ತಿಕ್ಕಿದಳು. ಕೈ ಕೆಂಪಾಯಿತೇ ಹೊರತು ವಾಸನೆ ಹೋಗಲಿಲ್ಲ. ಮರುದಿನ ಮುಂಜಾನೆ ಎದ್ದು ನೋಡಿದರೆ ಗಂಡ ಒಲೆ ಹಚ್ಚಿ ಹಿಟ್ಟು ನಾದುತ್ತಿದ್ದಾನೆ.

"ನಿನ್ನ ಕೈಗೆ ಆ ವಾಸನಿ ಇರಬೇಕು" ಎಂದ, ತಲೆ ಎತ್ತದೆ. "ಅದು ಇದ್ದರ ಬಾಣಂತಿ ಉಳೀತಾಳ. ರೊಟ್ಟಿ ನನಗ ಬಿಡು."

ರೇಣಮ್ಮ ಬಾಗಿಲಲ್ಲಿ ನಿಂತು ನೋಡಿದಳು. ಅವಳ ಅವ್ವನೂ ಅಷ್ಟು ತೆಳ್ಳಗೆ ಬಡಿಯುತ್ತಿರಲಿಲ್ಲ. ಎಲ್ಲಿ ಕಲಿತಿರಿ ಎಂದು ಕೇಳಿದರೆ, "ನಮ್ಮವ್ವನ ಬಾಜೂಕ ಕುಂತು" ಎಂದ. ಚಿಕ್ಕವನಿದ್ದಾಗ ಚಳಿಜ್ವರದ ಪಿಂಡ ಅವನು. ಅಣ್ಣಂದಿರು ಕುರಿ ಹಿಂದೆ ಹೋದರೆ ಇವನು ಕಂಬಳಿ ಹೊದ್ದು ಅವ್ವನ ಒಲೆಯ ಪಕ್ಕ. ಅವ್ವ ಮಲಕಮ್ಮ ಜೋಳದ ಸುಗ್ಗಿಯಲ್ಲಿ ಕುಡುಗೋಲು ತಾಗಿಸಿಕೊಂಡು ಎಡಗೈಯ ಕಿರುಬೆರಳು ಡೊಂಕಾಗಿತ್ತು. ರೊಟ್ಟಿ ತಿರುಗಿಸುವಾಗ ಆ ಬೆರಳು ಹಿಂದೆ ಉಳಿಯುತ್ತಿತ್ತು. ಅದನ್ನು ಸರಿಮಾಡಿಕೊಳ್ಳಲು ಅರೆಗಳಿಗೆ ನಿಲ್ಲುತ್ತಿದ್ದಳು. ಹುಡುಗ ಪೆಟ್ಟಿನ ಜೊತೆ ಆ ನಿಲ್ಲುವುದನ್ನೂ ಕಲಿತುಬಿಟ್ಟ. ಅವನ ಹತ್ತು ಬೆರಳೂ ನೆಟ್ಟಗಿವೆ, ಆದರೂ ನಿಲ್ಲುತ್ತಾನೆ. ನಿಲ್ಲದೆ ಬಡಿದರೆ ರೊಟ್ಟಿ ಹರಿಯುತ್ತದೆ ಅನ್ನುತ್ತಾನೆ.

ಹೀಗೆ ಇಬ್ಬರೂ ದುಡಿಯುವ ಮನೆಯಲ್ಲಿ ಕೆಲಸ ಹಂಚಿಕೆಯಾಯಿತು. ಹಂಚಿಕೆಯ ಲೆಕ್ಕವೂ ವಿಚಿತ್ರದ್ದೇ. ಯಾರಿಗೆ ಶಕ್ತಿ ಇದೆ, ಯಾರಿಗೆ ಬಿಡುವಿದೆ ಎಂದು ನೋಡಿದ್ದಲ್ಲ. ಯಾವುದು ಹೊರಗೆ ಕಾಣುತ್ತದೆ, ಯಾವುದು ಕಾಣುವುದಿಲ್ಲ ಎಂದು ನೋಡಿದ್ದು. ಬಾವಿಯ ನೀರು ಓಣಿಗೆ ಕಾಣುತ್ತದೆ, ಅದು ರೇಣಮ್ಮನದು. ಅಂಗಳ ಗುಡಿಸುವುದು, ಬಟ್ಟೆ ಒಣಹಾಕುವುದು ರೇಣಮ್ಮನದು. ಸಂತೆಯೂ ಅವಳದೇ, ಏಕೆಂದರೆ ಬಸವಂತರಾಯ ಸಂತೆಗೆ ಹೋದರೆ ಹುಳ ಹಿಡಿದ ತೊಗರಿಯನ್ನು ಅವರು ಹೇಳಿದ ಬೆಲೆಗೇ ತಂದು, ಮಾರಿದವನ ಕಷ್ಟವನ್ನೂ ಹೊತ್ತುಕೊಂಡು ಬರುತ್ತಿದ್ದ. ಬಾಗಿಲ ಒಳಗಿನದೆಲ್ಲ ಅವನದು. ರೊಟ್ಟಿ, ಪಲ್ಯ, ಪಾತ್ರೆ. ಮಗಳು ಭೀಮಿ ಹುಟ್ಟಿದ ಮೇಲೆ ಅವಳಿಗೆ ಎಣ್ಣೆ ತಿಕ್ಕಿ ನೀರೆರೆಯುವುದೂ ಅವನದೇ. ಲೋಕದಲ್ಲಿ ಗಂಡಸು ಹೊರಗೆ, ಹೆಂಗಸು ಒಳಗೆ. ಈ ಮನೆಯಲ್ಲಿ ತಿರುಗಾಮುರುಗಾ.

ಯಾರಾದರೂ ಬಾಗಿಲು ಬಡಿದರೆ ಅದಕ್ಕೂ ಒಂದು ಕವಾಯತು. ಅವನು ಎದ್ದು ಹಗ್ಗದ ಹೊರಸಿನ ಮೇಲೆ, ಅವಳು ಕೂಸನ್ನು ಇಳಿಸಿ ಒಲೆಯ ಮುಂದೆ. ರೈಲು ಬರುವಾಗ ಗೇಟು ಬೀಳುವಷ್ಟೇ ಚುರುಕು. ಅವಳು ಹಗಲು ದವಾಖಾನೆಗೆ ಹೋದದ್ದು ಓಣಿಗೆ ಗೊತ್ತಿದ್ದಾಗ ಅವನು ರೊಟ್ಟಿ ಬಡಿಯಬೇಕಾದರೆ ಹಲಗೆಯ ಕೆಳಗೆ ಗೋಣಿಚೀಲ ಮಡಚಿ ಹಾಕುತ್ತಿದ್ದ. ಸಪ್ಪಳ ಸಾಯುತ್ತಿತ್ತು. ಸಪ್ಪಳದ ಜೊತೆ ರೊಟ್ಟಿಯೂ ಸಾಯುತ್ತಿತ್ತು. ಹೆದರಿ ಬಡಿದ ರೊಟ್ಟಿ ಕಂಬಳಿಯ ತುಂಡಿನಂತೆ ದಪ್ಪ.

ಏಳು ವರ್ಷ ಹೀಗೆ ಸಾಗಿತು. ಆಮೇಲೆ ಕಾಗದ ಬಂತು.

ಕನ್ನಡ ನಾಡೆಲ್ಲ ಒಂದಾಗಿ ವರ್ಷ ತುಂಬಿರಲಿಲ್ಲ. ದವಾಖಾನೆಯ ಉರ್ದು ಹಲಗೆ ಇಳಿದು ಕನ್ನಡ ಹಲಗೆ ಏರಿತ್ತು. ಹೊಸ ಸರ್ಕಾರದ ಕಾಗದದಲ್ಲಿ ಇದ್ದದ್ದು ಇಷ್ಟು: ಕೈಯಿಂದ ಕಲಿತ ದಾಯಿಗಳು ಇನ್ನು ಸಾಲದು, ಕಲಬುರ್ಗಿಗೆ ಹೋಗಿ ಆರು ತಿಂಗಳು ತರಬೇತಿ ಮಾಡಿದವರಿಗೆ ಕಾಯಂ ನೌಕರಿ, ಮಾಡದವರಿಗೆ ಈ ತಿಂಗಳೇ ಕಡೆ. ಸೋಮವಾರದೊಳಗೆ ಕಲಬುರ್ಗಿಯಲ್ಲಿ ಹಾಜರಾಗಬೇಕು.

ರೇಣಮ್ಮ ಆ ಕಾಗದವನ್ನು ಓದಿ, ಮಡಚಿ, ಕುಪ್ಪಸದಲ್ಲಿಟ್ಟುಕೊಂಡು, ಮತ್ತೆ ತೆಗೆದು ಓದಿದಳು. ಕೂಸಿನ ತಲೆ ಮೊದಲು ಕೈಗೆ ತಾಗುವ ಆ ಗಳಿಗೆ ಇದೆಯಲ್ಲ, ಅದರಷ್ಟು ಅವಳು ಬೇರೆ ಏನನ್ನೂ ಪ್ರೀತಿಸಿದವಳಲ್ಲ. ಗಂಡನನ್ನು ಬಿಟ್ಟರೆ, ಭೀಮಿಯನ್ನು ಬಿಟ್ಟರೆ. ಅದು ಈಗ ಕೈತಪ್ಪುವುದರಲ್ಲಿತ್ತು.

ಮೂರು ವರ್ಷದ ಭೀಮಿಯನ್ನು ಆರು ತಿಂಗಳು ಯಾರು ನೋಡಿಕೊಳ್ಳಬೇಕು? ಬಸವಂತರಾಯ ಪಾಳಿಗೆ ಹೋದಾಗ ಮನೆಯಲ್ಲಿ ಒಂದು ಜೀವ ಬೇಕಲ್ಲ. ಇದ್ದದ್ದು ಒಬ್ಬಳೇ, ಹತ್ತಿರದ ಮುದನಾಳದಲ್ಲಿ ದೊಡ್ಡ ಮಗನ ಜೊತೆ ಇದ್ದ ಅತ್ತೆ ಮಲಕಮ್ಮ. ಅವಳಿಗೆ ಈ ನೌಕರಿಯೇ ಸೇರದು, ಆ ಸಿಟ್ಟಿಗೆ ಈ ಮನೆಗೆ ಬಂದರೂ ಉಣ್ಣದೆ ನಿಂತ ಕಾಲಲ್ಲೇ ಹೊರಡುವವಳು. ಸುದ್ದಿ ಕೇಳಿದವಳೇ ಹೇಳಿ ಕಳಿಸಿದಳು: "ಹೆಂಗಸು ಆರು ತಿಂಗಳು ಹೋದರ ನನ್ನ ಮಗನ ಒಲಿ ಹಚ್ಚಾವರು ಯಾರು? ನಾ ಐತವಾರ ಬರ್ತೀನಿ. ನೌಕರಿ ಬಿಡಸ್ತೀನಿ, ಇಲ್ಲಂದ್ರ ಕೂಸಿನ ಮುದನಾಳಕ ಒಯ್ತೀನಿ."

ಒಲೆ ಹಚ್ಚುವವರು ಯಾರು ಎಂಬ ಪ್ರಶ್ನೆಗೆ ಉತ್ತರ ಏಳು ವರ್ಷದಿಂದ ಮನೆಯಲ್ಲೇ ಇತ್ತು. ಅದನ್ನು ಬಾಯಿ ಬಿಟ್ಟು ಹೇಳಬೇಕಾಗಿತ್ತು, ಅಷ್ಟೇ. ಬಸವಂತರಾಯ ಹೇಳಿ ಬರುತ್ತೇನೆಂದು ಮೂರು ಸಲ ಮುದನಾಳಕ್ಕೆ ಹೋದ. ಮೊದಲ ಸಲ ಕುರಿಯ ಕಾಲುಬೇನೆಯ ಮಾತಾಡಿ ಬಂದ. ಎರಡನೆಯ ಸಲ ಮಳೆಯ ಮಾತು. ಮೂರನೆಯ ಸಲ ಅವ್ವ ಕೊಟ್ಟ ಅರ್ಧ ಸೇರು ಶೇಂಗಾ ತಂದು ರೇಣಮ್ಮನ ಮುಂದಿಟ್ಟ.

"ಹೇಳಿದ್ರಿ?"

"ಬಾಯಿ ತನಾ ಬಂದಿತ್ತು."

ರೇಣಮ್ಮನಿಗೆ ಸಿಟ್ಟು ನೆತ್ತಿಗೇರಿತು. "ಮಾಡಾಕ ನಾಚಿಕಿ ಇಲ್ಲ, ಹೇಳಾಕ ನಾಚಿಕಿ. ಗೋಣಿಚೀಲ ಹಾಕಿ ರೊಟ್ಟಿ ಬಡದಂಗ ನನ್ನೂ ಎಷ್ಟು ದಿನಾ ಮುಚ್ಚಿಡ್ತೀರಿ? ಓಣಿ ಎಲ್ಲಾ ನನ್ನ ಕೈ ಹೊಗಳತದ. ನನ್ನ ಕೈ ಮಾಡೂ ಕೆಲಸಾ ಬ್ಯಾರೆ ಅದ, ಅದನ್ನ ಮಾತ್ರ ಬಿಡು ಅಂತಾರ."

ಅವನು ಶೇಂಗಾ ಸುಲಿಯುತ್ತ ಕುಳಿತ. ಸುಲಿದ ಕಾಳನ್ನೆಲ್ಲ ಅವಳ ಕಡೆಗೇ ಸರಿಸುತ್ತಿದ್ದ. ಅದನ್ನು ನೋಡಿ ಅವಳ ಸಿಟ್ಟು ಇಳಿಯಿತು, ದುಃಖ ಇಳಿಯಲಿಲ್ಲ.

ಮಲಕಮ್ಮ ಐತವಾರ ಬರುವವಳು ಶುಕ್ರವಾರವೇ ಬಂದಳು. ಪೇಟೆಗೆ ಬರುವ ಗಾಡಿಯೊಂದು ಸಿಕ್ಕಿತಂತೆ. ಅಂದು ಬಸವಂತರಾಯನದು ಮಧ್ಯಾಹ್ನದ ಪಾಳಿ. ರೇಣಮ್ಮ ಕೋಳಿ ಕೂಗುವ ಮೊದಲೇ ಹೆರಿಗೆಯ ಕರೆ ಬಂದು, ಹಿತ್ತಲ ಬಾಗಿಲಿನಿಂದ ಹೋಗಿದ್ದಳು. ಓಣಿಯಲ್ಲಿ ಯಾರೂ ಕಂಡಿರಲಿಲ್ಲ. ಕಂಡಿಲ್ಲವೆಂದಮೇಲೆ ಅವಳು ಮನೆಯಲ್ಲಿದ್ದಂತೆಯೇ ಲೆಕ್ಕ, ಗೋಣಿಚೀಲ ಬೇಕಿಲ್ಲ. ಬಸವಂತರಾಯ ಬಾಗಿಲು ಮುಚ್ಚಿಕೊಂಡು ಮನಸಾರೆ ಬಡಿಯುತ್ತಿದ್ದ.

ಗಂಡುಕೂಸು, ತಾಯಿ ಸುಖವಾಗಿದ್ದಾಳೆ. ರೇಣಮ್ಮ ಹೆರಿಗೆ ಮುಗಿಸಿ, ಕೈ ತೊಳೆದು, ಚೀಲ ಹಿಡಿದು ಓಣಿಯ ಮೂಲೆಗೆ ಬಂದಾಗ ಬಿಸಿಲು ಗೋಡೆಗಳ ಮೇಲೆ ಇಳಿದಿತ್ತು. ತನ್ನ ಮನೆಯ ಮುಂದೆ ಇಬ್ಬರು ಹೆಂಗಸರು ಬೆನ್ನು ಹಾಕಿ ನಿಂತಿದ್ದರು. ಒಬ್ಬಳು ಕಸಬರಿಗೆ ಹಿಡಿದ ಪಾರ್ವತಿಬಾಯಿ. ಇನ್ನೊಬ್ಬಳ ಹಸಿರು ಇಲಕಲ್ಲ ಸೀರೆ, ಕಂಕುಳಲ್ಲಿ ಗಂಟು. ಅತ್ತೆ! ರೇಣಮ್ಮ ಬೇವಿನ ಮರದ ಹಿಂದೆ ಸರಿದಳು.

ಮಲಕಮ್ಮ ಬಾಗಿಲು ಬಡಿಯಲು ಎತ್ತಿದ ಕೈಯನ್ನು ಹಾಗೇ ಇಟ್ಟುಕೊಂಡಿದ್ದಳು.

"ಯಾಕ ನಿಂತೆವ್ವಾ? ಸೊಸಿ ಒಳಗ ಅದಾಳ, ರೊಟ್ಟಿ ಬಡ್ಯಾಕತ್ಯಾಳ" ಎಂದಳು ಪಾರ್ವತಿಬಾಯಿ.

"ಸುಮ್ಕಿರು. ಕೇಳು."

ಒಳಗಿನಿಂದ ಎರಡು ಭಾರದ ಪೆಟ್ಟು. ಮೂರು ಹಗುರ ಪೆಟ್ಟು. ಅರೆಗಳಿಗೆ ಸುಮ್ಮನೆ.

"ಆ ನಿಂತದ್ದು ಕೇಳಿದೇನು?" ಎಂದಳು ಮಲಕಮ್ಮ. "ಅದು ನನ್ನ ಕೈ. ಇದಾ ನೋಡು, ಈ ಡೊಂಕು ಬೆರಳಿಂದು ಆ ನಿಲ್ಲೂದು. ಊರಾಗ ಯಾರಿಗೂ ಇಲ್ಲ. ನನ್ನ ಸೊಸಿ ಕಲ್ತಾಳ. ಬೆರಳ ಸರಿ ಇದ್ದೂ ನನ್ನಂಗ ನಿಲ್ಲತಾಳ! ದವಾಖಾನಿ ಸೇರಿ ಮನಿ ಮರ್ತಾಳ ಅಂತ ತಿಳದಿದ್ದೆ. ತನ್ನ ಕೈಯಾಗ ನನ್ನ ಇಟಗೊಂಡಾಳ ಆಕಿ."

ಸೆರಗಿನಿಂದ ಕಣ್ಣೊರೆಸಿಕೊಂಡಳು. ಪಾರ್ವತಿಬಾಯಿಯೂ ಮೂಗು ಎಳೆದಳು. ಅವಳಿಗೆ ಅಳುವವರ ಜೊತೆ ಅಳುವುದು ಸುಲಭ.

ಬೇವಿನ ಮರದ ಹಿಂದೆ ರೇಣಮ್ಮ ಅದನ್ನೆಲ್ಲ ಕೇಳಿಸಿಕೊಂಡಳು. ಏಳು ವರ್ಷದಲ್ಲಿ ಅತ್ತೆಯ ಬಾಯಿಂದ ಒಂದು ಒಳ್ಳೆಯ ಮಾತು ಬಂದದ್ದಿಲ್ಲ. ಇವತ್ತು ಬಂತು, ಅದು ತನ್ನದಲ್ಲ. ತನ್ನದಲ್ಲದಿದ್ದರೂ ಬಿಡಲಾರದಷ್ಟು ಸಿಹಿಯಾಗಿತ್ತು. ಈಗ ಹೋಗಿ ಒಲೆಯ ಮುಂದೆ ಕುಳಿತರೆ ಸಾಕು, ಆ ಪ್ರೀತಿಯೆಲ್ಲ ತನಗೆ. ಆದರೆ ಅಂಥ ಕೈಯ ಸೊಸೆಯನ್ನು ಯಾವ ಅತ್ತೆ ಕಲಬುರ್ಗಿಗೆ ಕಳಿಸಿಯಾಳು? ಕೂರದೆ ಹೋದರೆ ಓಣಿಯ ಮುಂದೆ, ಹೆತ್ತವ್ವನ ಮುಂದೆ ಗಂಡನ ತಲೆ ತಗ್ಗುತ್ತದೆ. ಅವನು ಶೇಂಗಾ ಸುಲಿದು ಸರಿಸಿದ್ದು ಕಣ್ಣಿಗೆ ಕಟ್ಟಿತು. ರೇಣಮ್ಮ ಹಿತ್ತಲಿಗೆ ಓಡಿದಳು.

"ಅತ್ತಿ ಬಂದಾರ! ಏಳ್ರಿ, ಏಳ್ರಿ!"

ಬಸವಂತರಾಯ ಗಾಬರಿಯಾಗಿ ಎದ್ದ. ಕವಾಯತಿನಂತೆ ಅವನು ಹೊರಸಿಗೆ, ಅವಳು ಒಲೆಗೆ. ಭೀಮಿ ಮೂಲೆಯಲ್ಲಿ ಹಿಟ್ಟಿನ ಗುಬ್ಬಿ ಮಾಡುತ್ತ ಕುಳಿತಿದ್ದವಳು ತಲೆ ಕೂಡ ಎತ್ತಲಿಲ್ಲ. ಅವಳಿಗೆ ಇದು ದಿನದ ಆಟ. ಬಾಗಿಲು ತೆರೆಯಿತು.

ಮಲಕಮ್ಮ ನೀರು ಕೇಳಲಿಲ್ಲ, ಗಂಟು ಇಳಿಸಲಿಲ್ಲ. ನೆಟ್ಟಗೆ ಒಲೆಯ ಮುಂದೆ ಬಂದು ಕುಕ್ಕರುಗಾಲಲ್ಲಿ ಕುಳಿತಳು. ಮುಖ ಅರಳಿತ್ತು.

"ನಿಲ್ಲಸಬ್ಯಾಡವಾ ರೇಣಾ. ಬಡಿ. ಕಿವೀಲೆ ಕೇಳೀನಿ, ಒಂದು ಸಲ ಕಣ್ಣೀಲೆ ನೋಡ್ತೀನಿ."

ರೇಣಮ್ಮ ಉಂಡೆ ತೆಗೆದುಕೊಂಡಳು. ಅಡ್ಡಗೂಸನ್ನು ತಿರುಗಿಸಿ ಉಳಿಸಿದ ಕೈ ಅದು, ನಡುಗಿದ್ದೇ ಇಲ್ಲ. ರೊಟ್ಟಿಗೆ ಮಾತ್ರ ಪಳಗಿದ್ದಲ್ಲ. ಎರಡು ಪೆಟ್ಟು ಹಾಕಿದಳು. ಅಂಚು ಸೀಳಿತು. ಮೂರು ಹಾಕಿದಳು. ನಿಲ್ಲುವುದನ್ನು ಮರೆತಳು. ರೊಟ್ಟಿ ನಡುವೆ ಹರಿದು ಹಲಗೆಗೆ ಅಂಟಿತು.

ಮಲಕಮ್ಮ ಆ ರೊಟ್ಟಿಯನ್ನು ನೋಡಿದಳು. ಬಗ್ಗಿ ಮೂಸಿದಳು. ಸೊಸೆಯ ಕೈಗಳನ್ನು ನೋಡಿದಳು: ಬಳೆಯ ಮೇಲೆ ಹಿಟ್ಟಿನ ಒಂದು ಕಣವಿಲ್ಲ. ತಿರುಗಿ ಹೊರಸಿನ ಕಡೆ ನೋಡಿದಳು. ಅಲ್ಲಿ ಅವಳ ಮಗ, ಮೊಳಕೈ ತನಕ ಹಿಟ್ಟು, ಮೀಸೆಯ ಒಂದು ತುದಿಗೂ ಹಿಟ್ಟು.

"ರೇಣಾ" ಎಂದಳು ಮೆಲ್ಲಗೆ. "ಈಗ ಬಡದದ್ದು ಯಾರು?"

ರೇಣಮ್ಮ ಹೇಳಬಹುದಾಗಿತ್ತು, ಕಣ್ಣಿಗೆ ಕಂಡದ್ದನ್ನೇ ಹೇಳುವುದು. ಆದರೆ ಅದು ತನ್ನ ಮಾತಲ್ಲ, ಗಂಡನ ಮಾತು ಎಂದು ಅವಳಿಗೆ ಗಟ್ಟಿಯಾಗಿ ಅನ್ನಿಸಿತು. ಆ ಮಾತು ಅವನ ಬಾಯಿಂದ ಬಾರದಿದ್ದರೆ ತಾನು ಕಲಬುರ್ಗಿಗೆ ಹೋದರೂ ಹೋದಂತಲ್ಲ. ಹಲಗೆಗೆ ಅಂಟಿದ ಹಿಟ್ಟನ್ನು ಉಗುರಿನಿಂದ ಕೆರೆಯುತ್ತ ಕುಳಿತಳು. ಹಂಚು ಕಾಯ್ದು ಹೊಗೆಯಾಡತೊಡಗಿತು.

ಹೊರಸು ಕಿರುಗುಟ್ಟಿತು.

"ನಾ, ಅವ್ವಾ."

ಮಲಕಮ್ಮ ಅವನ ಮೀಸೆಯ ಹಿಟ್ಟನ್ನೇ ನೋಡುತ್ತಿದ್ದಳು.

"ಇವತ್ತಲ್ಲ, ಏಳು ವರ್ಷ ಆತು. ಈ ಮನಿ ರೊಟ್ಟಿ ನಂದ. ಪಲ್ಯಾ ನಂದ. ಕೂಸಿನ ಎರಿಯಾಂವ ನಾನ." ಬಸವಂತರಾಯ ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದನ್ನು ರೇಣಮ್ಮ ಕೇಳಿರಲೇ ಇಲ್ಲ. "ನಿನ್ನ ಮುಂದ ಹೇಳಬೇಕಂತ ಮೂರು ಸಲಾ ಬಂದೆ, ಬಾಯಿ ಬರಲಿಲ್ಲ. ಆಕಿ ಹೋದರ ನನ್ನ ಒಲಿ ಆರಂಗಿಲ್ಲವ್ವಾ. ಆಕಿ ಹೋಗದಿದ್ದರ ಊರಾಗ ಎಷ್ಟು ಮಂದಿ ಬಾಣಂತ್ಯಾರ ಒಲಿ ಆರತಾವೋ ಯಾರಿಗ್ಗೊತ್ತು."

ಅಷ್ಟು ಹೇಳಿ ಒಲೆಯ ಮುಂದೆ ಬಂದ. ರೇಣಮ್ಮ ಸರಿದಳು. ಹರಿದದ್ದನ್ನು ಪಕ್ಕಕ್ಕೆ ಹಾಕಿ ಹೊಸ ಉಂಡೆ ತೆಗೆದುಕೊಂಡ. ಬಡಿಯುವ ಮೊದಲು, ತಿರುಗಿ ನೋಡದೆ ಹೇಳಿದ: "ಬಾಗಲಾ ಪೂರಾ ತೆಗಿ, ರೇಣಾ."

"ಓಣ್ಯಾಗ ಕಾಣ್ತದ್ರಿ."

"ಕಾಣಲಿ."

ಅವಳು ಹೋಗಿ ಎರಡೂ ಕದ ತೆಗೆದು, ಭೀಮಿಯನ್ನು ಎತ್ತಿಕೊಂಡು ಹೊಸ್ತಿಲಲ್ಲಿ ನಿಂತಳು. ಒಳಗೆ ಎರಡು ಭಾರದ ಪೆಟ್ಟು, ಮೂರು ಹಗುರ ಪೆಟ್ಟು, ಅರೆಗಳಿಗೆ ಸುಮ್ಮನೆ. ಎದುರು ಪಾರ್ವತಿಬಾಯಿ ಗುಡಿಸುತ್ತಿದ್ದವಳು ನಿಂತಳು. ರೇಣಮ್ಮನನ್ನು ನೋಡಿದಳು, ರೇಣಮ್ಮನ ಖಾಲಿ ಕೈ ನೋಡಿದಳು, ಒಳಗಿನ ಸಪ್ಪಳ ಕೇಳಿದಳು. ಏಳು ವರ್ಷದ ಲೆಕ್ಕವೆಲ್ಲ ಅವಳ ಮುಖದ ಮೇಲೆ ತಲೆಕೆಳಗಾಯಿತು. ಅವಳ ಸೊಸೆ ಒಳಗಿನಿಂದ ಇಣುಕಿ ನೋಡಿ, ಸೆರಗು ಬಾಯಿಗೊತ್ತಿಕೊಂಡು ನಕ್ಕಳು.

ರೊಟ್ಟಿ ಹಂಚಿನ ಮೇಲೆ ಬಿತ್ತು. ಬಸವಂತರಾಯ ಒದ್ದೆ ಅರಿವೆಯಿಂದ ನೀರು ಸವರಿ, ಮಗುಚಿ, ಕೆಂಡಕ್ಕೆ ಆನಿಸಿದ. ಉಬ್ಬಿತು. ತಟ್ಟೆಯಲ್ಲಿಟ್ಟು, ಶೇಂಗಾ ಕುಟ್ಟಿದ ಖಾರದ ಹಿಂಡಿ ಹಾಕಿ ಅವ್ವನ ಮುಂದೆ ಸರಿಸಿದ.

"ನೀವು ಉಣ್ರಿ. ಕೂಸಿಗಿ ಕೊಡು. ನಾ ಆಮ್ಯಾಲ" ಎಂದಳು ಮಲಕಮ್ಮ. ಅದು ಯೋಚಿಸಿ ಆಡಿದ ಮಾತಲ್ಲ. ನಲವತ್ತು ವರ್ಷದಿಂದ ಬಾಯಿಗೆ ಕುಳಿತ ಮಾತು.

"ಆರತದವ್ವಾ. ಈಗ ತಿನ್ನು."

ಅವಳು ಮುರಿದಳು. ಒಳಗಿನ ಹಬೆ ಮುಖಕ್ಕೆ ಬಂತು. ತಟ್ಟೆಯನ್ನು ಡೊಂಕು ಬೆರಳಿನ ಕೈಯಲ್ಲಿ ಹಿಡಿದು ತುತ್ತನ್ನು ಬಾಯಿಗಿಟ್ಟಳು. ನಿಧಾನವಾಗಿ ಅಗಿದಳು. ರೇಣಮ್ಮ ಹೊಸ್ತಿಲಿಂದಲೇ ನೋಡುತ್ತಿದ್ದಳು. ಮುದುಕಿ ಬೈಯಲಿಲ್ಲ, ಅಳಲೂ ಇಲ್ಲ. ಅರ್ಧ ರೊಟ್ಟಿ ಮುಗಿಯುವ ತನಕ ತಲೆ ಎತ್ತಲಿಲ್ಲ.

"ಹ್ಯಾಂಗದ?" ಎಂದ ಬಸವಂತರಾಯ. ಪರೀಕ್ಷೆಗೆ ಕೂತ ಹುಡುಗನ ದನಿ.

"ನಲವತ್ತು ವರ್ಷ ಬಡದೀನೋ ತಮ್ಮಾ" ಎಂದಳು ಮಲಕಮ್ಮ. "ನಿಮ್ಮಪ್ಪ ಉಂಡ, ನೀವು ಉಂಡ್ರಿ, ಸುಗ್ಗಿ ಆಳ ಉಂಡ್ರು. ಎಲ್ಲಾರದು ಆದ ಮ್ಯಾಲ ಆರಿದ್ದು ನಾ ತಿಂದೆ. ನನ್ನ ಕೈ ರೊಟ್ಟಿ ಬಿಸಿ ಇದ್ದಾಗ ಹ್ಯಾಂಗಿರತದ ಅಂತ ನನಗ ಗೊತ್ತ ಇದ್ದಿಲ್ಲ. ಛಲೋ ಅದ, ಛಲೋ ಅದ ಅಂತಿದ್ರು ಎಲ್ಲಾರೂ." ಉಳಿದ ತುಂಡನ್ನು ಹಿಂಡಿಗೆ ಅದ್ದಿದಳು. "ಖರೇನ ಅಂತಿದ್ರು."

ಬಸವಂತರಾಯ ಹಲಗೆಯ ಮೇಲೆ ಬಗ್ಗಿದ. ಹಿಟ್ಟಿನ ಕೈಯಿಂದ ಕಣ್ಣೊರೆಸಿಕೊಂಡು ಹುಬ್ಬಿಗೂ ಹಿಟ್ಟು ಮಾಡಿಕೊಂಡ.

"ಯಾವತ್ತು ಹೊಂಡಬೇಕು ನೀ?" ಎಂದು ಮಲಕಮ್ಮ ಸೊಸೆಯನ್ನು ಕೇಳಿದಳು.

"ಐತವಾರ ಸಂಜಿ ಗಾಡಿಗಿ ರೀ."

"ಹೋಗಿ ಬಾ. ಕೂಸಿನ ಕರಕೊಂಡು ನಾ ಇಲ್ಲೇ ಇರತೀನಿ. ಆದರ ಒಂದ ಮಾತ. ನಾ ಒಲಿ ಮುಂದ ಕೂಡಂಗಿಲ್ಲ. ಈಗ ಹೇಳಿಬಿಡ್ತೀನಿ, ಆಮ್ಯಾಲ ತಕರಾರ ಬ್ಯಾಡ."

ರೇಣಮ್ಮ ಹೊಸ್ತಿಲ ಮೇಲೆಯೇ ಕುಳಿತಳು. ಭೀಮಿಯ ತಲೆಗೆ ಮುಖ ಒತ್ತಿ ಅತ್ತಳು. ಸಂತೋಷಕ್ಕೆ ಅತ್ತದ್ದು, ಅದನ್ನು ಸುತ್ತಿಬಳಸಿ ಹೇಳುವ ಅಗತ್ಯವಿಲ್ಲ.

ಅವಳು ಕಲಬುರ್ಗಿಗೆ ಹೋದಳು, ಕಲಿತು ಬಂದಳು, ಆಮೇಲೆ ಶಹಾಪುರ, ಸುರಪುರಗಳಲ್ಲೂ ಕೆಲಸ ಮಾಡಿ ಮುದುಕಿಯಾದಳು. ಎಷ್ಟು ಕೂಸುಗಳನ್ನು ಕೈಯಲ್ಲಿ ಹಿಡಿದಳೋ ಅವಳೇ ಎಣಿಸಿದವಳಲ್ಲ. ಕೇಳಿದವರಿಗೆ ಅವಳು ಹೇಳುತ್ತಿದ್ದದ್ದು ಆ ಶುಕ್ರವಾರದ ಮಾತೇ. ಅದರಲ್ಲೂ ಕೊನೆಯ ಚೂರನ್ನು ಎರಡೆರಡು ಸಲ ಹೇಳುತ್ತಿದ್ದಳು.

ಎರಡನೆಯ ರೊಟ್ಟಿ ಉಬ್ಬಿದ್ದೇ ಮಲಕಮ್ಮ ಅದನ್ನು ಕೈಯಲ್ಲೇ ಹಿಡಿದುಕೊಂಡು ಎದ್ದು ಬಂದಳಂತೆ. ಹೊಸ್ತಿಲಲ್ಲಿ ಸೊಸೆಯ ಪಕ್ಕ ಜಾಗ ಮಾಡಿಕೊಂಡು, ಬಿಸಿಲಿಗೆ ಕಾಲು ಚಾಚಿ ಕುಳಿತಳು. ಒಳಗೆ ಮಗ ಬಡಿಯುತ್ತಿದ್ದ. ಓಣಿಗೆ ಓಣಿಯೇ ತನ್ನ ತನ್ನ ಬಾಗಿಲಿಗೆ ಬಂದು ನಿಂತಿತ್ತು. ಮುದುಕಿ ರೊಟ್ಟಿಯನ್ನು ಎರಡು ಮಾಡಿ, ಒಂದನ್ನು ರೇಣಮ್ಮನ ಕಾರ್ಬಾಲಿಕ್ ವಾಸನೆಯ ಕೈಯಲ್ಲಿಟ್ಟು, ಇನ್ನೊಂದನ್ನು ಎದುರು ಮನೆಯ ಕಡೆ ಎತ್ತಿ ಹಿಡಿದಳು.

"ಏ ಪಾರ್ವತಿಬಾಯಿ, ಕಸಬರಿಗಿ ಒಗದು ಬಾ. ನನ್ನ ಮಗ ಬಡದಾನ. ಆರೂದ್ರಾಗ ತಿನ್ನು."